‘ಬರೆಯಕ್ಕೆ ಬರಲ್ಲ’ ಅನ್ನುವುದಕ್ಕೆ ಸಂಸ್ಕೃತದಲ್ಲಿ ಏನು?

ಪ್ರಶ್ನೆ: ನನ್ನ ತಂದೆ ನಲವತ್ತು ವರ್ಷ ಊರಿನ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಿಕ್ಕ ಡೈರಿಗಳನ್ನು ಮನೆಮಂದಿಗೆಂದು ಪುಸ್ತಕ ಮಾಡುತ್ತಿದ್ದೇನೆ. ಒಂದು ಏಕಾದಶಿಯ ರಾತ್ರಿಯ ಬಗ್ಗೆ ಅವರು ಬರೆದಿರುವುದು ಇಷ್ಟೇ: ‘ಮಂಗಳಾರತಿ ಆದಮೇಲೆ ಒಂದು ಥರಾ ಆಯ್ತು. ಬರೆಯಕ್ಕೆ ಬರಲ್ಲ.’ ಮುನ್ನುಡಿಯಲ್ಲಿ ನಾನು ಇದನ್ನು ‘ಅನಿರ್ವಚನೀಯ ಅನುಭವ’ ಎಂದು ಕರೆದೆ. ಸಂಸ್ಕೃತ ಬಲ್ಲ ನೆಂಟರೊಬ್ಬರು ‘ಆ ಪದ ಅಲ್ಲಿ ಕೂರುವುದಿಲ್ಲ’ ಎಂದರು. ಹಾಗಾದರೆ ಸರಿಯಾದ ಪದ ಯಾವುದು?

ಉತ್ತರ: ನಿಮ್ಮ ನೆಂಟರು ಹೇಳಿದ್ದು ಅರ್ಧ ಸರಿ. ಇನ್ನರ್ಧಕ್ಕೆ ಆಮೇಲೆ ಬರುತ್ತೇನೆ. ಮೊದಲೇ ಒಂದು ಮಾತು: ನೀವು ಹುಡುಕುತ್ತಿರುವ ಆ ಒಂದು ಪದ ಇಲ್ಲ. ಅನಿರುಕ್ತ, ಅವಾಚ್ಯ, ಅನಿರ್ದೇಶ್ಯ, ಅವ್ಯಪದೇಶ್ಯ, ಅಚಿಂತ್ಯ, ಅಕಥ್ಯ, ಅನಿರ್ವಚನೀಯ, ಮೂಕಾಸ್ವಾದನ, ಸ್ವಸಂವೇದ್ಯ ಹೀಗೆ ಒಂದು ದೊಡ್ಡ ಕುಟುಂಬವೇ ಇದೆ. ನಿಘಂಟು ತೆಗೆದರೆ ಬಹುಪಾಲಿಗೆ ‘ಹೇಳಲಾಗದ’ ಎಂಬ ಒಂದೇ ಅರ್ಥ ಕೊಟ್ಟು ಮುಗಿಸಿರುತ್ತಾರೆ. ಆದರೆ ಶಾಸ್ತ್ರದಲ್ಲಿ ಇವು ಒಂದರ ಬದಲು ಇನ್ನೊಂದನ್ನು ಇಡುವಂಥವಲ್ಲ. ಮಾತು ಎಲ್ಲಿ ಸೋತಿತು, ಯಾಕೆ ಸೋತಿತು ಎಂಬುದನ್ನು ಒಂದೊಂದೂ ಬೇರೆ ಬೇರೆ ರೀತಿ ಹೇಳುತ್ತದೆ. ನಿಮ್ಮ ತಂದೆಯವರ ಪೆನ್ನು ಎಲ್ಲಿ ನಿಂತಿತು ಎಂದು ನೋಡಿಕೊಂಡು ಪದ ಆರಿಸಬೇಕು.

‘ಅನಿರ್ವಚನೀಯ’ದಿಂದಲೇ ಶುರುಮಾಡೋಣ. ಕನ್ನಡದಲ್ಲಿ ಇದು ಈಗ ಸಮಾರಂಭದ ವರದಿಗಳ ಪದ; ‘ಅನಿರ್ವಚನೀಯ ಆನಂದ ಉಂಟಾಯಿತು’ ಎಂದು ಸನ್ಮಾನ ಮಾಡಿಸಿಕೊಂಡವರೆಲ್ಲ ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಬಳಕೆ ಹಾಗೆ ನಿಂತಿದೆ. ಆದರೆ ಪದವನ್ನು ಬಿಡಿಸಿ ನೋಡಿ. ಅಲ್ಲಿರುವುದು ಬರಿಯ ‘ವಚನ’ವಲ್ಲ, ‘ನಿರ್ವಚನ’. ಒಂದು ಪದವನ್ನು ಒಡೆದು ‘ಇದು ಇಂಥದೇ’ ಎಂದು ಗಟ್ಟಿಮಾಡುವುದು ನಿರ್ವಚನ; ವೇದದ ಪದಗಳನ್ನು ಬಿಡಿಸಿ ಅರ್ಥ ಹೇಳುವ ಗ್ರಂಥ, ಯಾಸ್ಕನ ನಿರುಕ್ತ, ಮಾಡುವ ಕೆಲಸ ಅದೇ. ಅಂದಮೇಲೆ ಅನಿರ್ವಚನೀಯ ಎಂದರೆ ಬಾಯಲ್ಲಿ ಆಡಲಾಗದ್ದು ಅಂತಲ್ಲ, ಹೀಗೆ ಅಥವಾ ಹಾಗೆ ಎಂದು ತೀರ್ಮಾನಿಸಲಾಗದ್ದು ಅಂತ.

ಅದ್ವೈತದ ಪಾಠದಲ್ಲಿ ಇದಕ್ಕೊಂದು ಗೊತ್ತಾದ ಜಾಗವಿದೆ. ಕಡಲತೀರದಲ್ಲಿ ಏನೋ ಹೊಳೆಯುತ್ತದೆ, ಬೆಳ್ಳಿ ಎಂದುಕೊಂಡು ಬಗ್ಗುತ್ತೀರಿ, ಕೈಗೆ ಬರುವುದು ಕಪ್ಪೆಚಿಪ್ಪು. ಆ ಬೆಳ್ಳಿ ನಿಜವಾಗಿದ್ದರೆ ಹೋಗುತ್ತಿರಲಿಲ್ಲ. ಮೊಲದ ಕೊಂಬಿನಂತೆ ಬರೀ ಸುಳ್ಳಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಸತ್ತೂ ಅಲ್ಲ, ಅಸತ್ತೂ ಅಲ್ಲ, ಆದ್ದರಿಂದ ಅನಿರ್ವಚನೀಯ. ಬ್ರಹ್ಮಸೂತ್ರಭಾಷ್ಯದಲ್ಲಿ (2.1.14) ಶಂಕರರು ನಾಮರೂಪಗಳನ್ನು ‘ತತ್ತ್ವಾನ್ಯತ್ವಾಭ್ಯಾಮನಿರ್ವಚನೀಯೇ’ ಎನ್ನುವುದು ಈ ಲೆಕ್ಕದಲ್ಲೇ: ಅದೇ ಎಂದೂ ಹೇಳಬರುವುದಿಲ್ಲ, ಬೇರೆ ಎಂದೂ ಹೇಳಬರುವುದಿಲ್ಲ. ಹೀಗಾಗಿ ಪರಿಭಾಷೆಯಾಗಿ ಆ ಪದ ಮಾಯೆಯ ಪಾಲಿಗೆ ಹೋಯಿತು, ಬ್ರಹ್ಮದ ಪಾಲಿಗಲ್ಲ. ಅದ್ವೈತಿಯೊಬ್ಬರು ನಿಮ್ಮ ಮುನ್ನುಡಿ ಓದಿ ‘ಅಂದರೆ ತಂದೆಯವರು ಕಂಡದ್ದು ಚಿಪ್ಪಿನ ಬೆಳ್ಳಿಯೋ?’ ಎಂದು ಕೇಳಿದರೆ ಅದು ಕುಹಕ, ನಿಜ, ಆದರೆ ತರ್ಕ ತಪ್ಪಲ್ಲ. ನೆಂಟರ ತಕರಾರು ಇದೇ ಇರಬೇಕು.

ಇದಕ್ಕಿಂತ ಎಷ್ಟೋ ಹಳೆಯ ಪದ ‘ಅನಿರುಕ್ತ’. ಅದು ಹುಟ್ಟಿದ್ದು ಧ್ಯಾನದ ಗುಹೆಯಲ್ಲಲ್ಲ, ಯಜ್ಞಶಾಲೆಯಲ್ಲಿ. ಶತಪಥಬ್ರಾಹ್ಮಣದಲ್ಲಿ ಒಂದು ಜಗಳದ ಕಥೆ ಬರುತ್ತದೆ. ನಾನು ಹೆಚ್ಚೋ ನೀನು ಹೆಚ್ಚೋ ಎಂದು ಮನಸ್ಸಿಗೂ ಮಾತಿಗೂ ವಾದ. ‘ನಾನು ಅರಿಯದ ಏನನ್ನೂ ನೀನು ಆಡುವುದಿಲ್ಲ’ ಎಂದಿತು ಮನಸ್ಸು. ‘ನೀನು ಅರಿತದ್ದನ್ನು ತಿಳಿಯಪಡಿಸುವವಳು ನಾನು’ ಎಂದಿತು ಮಾತು. ಪ್ರಜಾಪತಿಯ ಬಳಿ ಹೋದರು, ಅವನು ಮನಸ್ಸಿನ ಕಡೆ ತೀರ್ಪು ಕೊಟ್ಟ. ಮುಖಭಂಗವಾದ ವಾಕ್ಕು ‘ಇನ್ನು ನಿನ್ನ ಹವಿಸ್ಸನ್ನು ನಾನು ಹೊರುವುದಿಲ್ಲ’ ಎಂದುಬಿಟ್ಟಳು. ಅದಕ್ಕೇ ಪ್ರಜಾಪತಿಗೆ ಸಲ್ಲುವ ಕರ್ಮಗಳನ್ನು ಗಟ್ಟಿಯಾಗಿ ಹೇಳದೆ ‘ಉಪಾಂಶು’ವಾಗಿ, ತುಟಿಯೊಳಗೇ, ಮಾಡುತ್ತಾರಂತೆ. ಉಳಿದ ದೇವತೆಗಳು ನಿರುಕ್ತರು, ಇಂತಿಷ್ಟು ಎಂದು ಹೆಸರಿಸಿ ಕರೆಯಬಹುದಾದವರು. ಪ್ರಜಾಪತಿ ಅನಿರುಕ್ತ. ಸಂಸ್ಕೃತದ ‘ಹೇಳಲಾಗದ್ದು’ ಮೊದಲು ಒಂದು ಉಚ್ಚಾರಣೆಯ ವಿಧಿಯಾಗಿತ್ತು, ತತ್ತ್ವವಾದದ್ದು ಆಮೇಲೆ. ನನಗೆ ಇದು ಬಹಳ ಇಷ್ಟವಾದ ಸಂಗತಿ. ತೈತ್ತಿರೀಯೋಪನಿಷತ್ತು (2.7) ‘ಅದೃಶ್ಯೇಽನಾತ್ಮ್ಯೇಽನಿರುಕ್ತೇಽನಿಲಯನೇ’ ಎನ್ನುವಾಗ ಯಜ್ಞದ ಆ ಪದವೇ ಬ್ರಹ್ಮದ ವಿಶೇಷಣವಾಗಿದೆ.

ಎಲ್ಲರೂ ಎತ್ತಿಹೇಳುವ ವಾಕ್ಯವೂ ಅದೇ ಉಪನಿಷತ್ತಿನದು: ‘ಯತೋ ವಾಚೋ ನಿವರ್ತಂತೇ ಅಪ್ರಾಪ್ಯ ಮನಸಾ ಸಹ’. ಮಾತುಗಳು ಮನಸ್ಸಿನೊಂದಿಗೆ ಹೋಗಿ, ಮುಟ್ಟಲಾರದೆ, ಎಲ್ಲಿಂದ ಹಿಂದಿರುಗುತ್ತವೋ ಅದು. ಯಜ್ಞಶಾಲೆಯಲ್ಲಿ ಜಗಳವಾಡಿದ ಇಬ್ಬರೂ ಇಲ್ಲಿ ಜೊತೆಯಾಗಿ ಸೋತಿದ್ದಾರೆ, ಗಮನಿಸಿ. ವಾಕ್ಯ ಉಪನಿಷತ್ತಿನ ಎರಡನೆಯ ವಲ್ಲಿಯಲ್ಲಿ, ಅಂದರೆ ಅಧ್ಯಾಯದಲ್ಲಿ, ಎರಡು ಸಲ ಬರುತ್ತದೆ, 2.4ರಲ್ಲಿ ಮತ್ತು 2.9ರಲ್ಲಿ. ಎರಡನೆಯ ಸಲ ಬರುವ ಹೊತ್ತಿಗೆ ಅದರ ಹಿಂದೆಯೇ ಒಂದು ಲೆಕ್ಕಾಚಾರ ಮುಗಿದಿರುತ್ತದೆ. ಒಬ್ಬ ಯುವಕ, ಒಳ್ಳೆಯವನು, ಓದಿದವನು, ಗಟ್ಟಿಮುಟ್ಟಾದವನು, ಸಂಪತ್ತು ತುಂಬಿದ ಇಡೀ ಭೂಮಿ ಅವನದು. ಅದು ಒಂದು ಮಾನುಷ ಆನಂದ. ಅದರ ನೂರರಷ್ಟು ಮನುಷ್ಯಗಂಧರ್ವರ ಒಂದು ಆನಂದ, ಅದರ ನೂರರಷ್ಟು ದೇವಗಂಧರ್ವರದು... ಹೀಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿಯನ್ನು ದಾಟಿ ಬ್ರಹ್ಮದವರೆಗೆ ಹತ್ತು ಮೆಟ್ಟಿಲು. ಕಾಗದದ ಮೇಲೆ ಬರೆದರೆ 1ರ ಮುಂದೆ 20 ಸೊನ್ನೆ. ಅಷ್ಟು ಎಣಿಸಿದ ಮೇಲೆ ಉಪನಿಷತ್ತು ‘ಮಾತು ವಾಪಸು ಬಂತು’ ಎನ್ನುತ್ತದೆ.

ಜಗಳ ಹುಟ್ಟುವುದು ಇಲ್ಲೇ. ಅದ್ವೈತಿಗೆ ಮಾತು ವಾಪಸು ಬರುವುದು ಅಲ್ಲಿ ಹಿಡಿಯಲು ಏನೂ ಇಲ್ಲದ್ದರಿಂದ. ಗೀತೆಯ ‘ನ ಸತ್ ತನ್ನಾಸದುಚ್ಯತೇ’ (ಬ್ರಹ್ಮವನ್ನು ಸತ್ತು ಎಂದೂ ಅಸತ್ತು ಎಂದೂ ಹೇಳುವುದಿಲ್ಲ) ಎಂಬ ಮಾತಿಗೆ ಭಾಷ್ಯ ಬರೆಯುತ್ತ ಶಂಕರರು ಶಬ್ದಕ್ಕೆ ಒಳಹೋಗಲು ನಾಲ್ಕೇ ಬಾಗಿಲು ಎಂದು ತೋರಿಸುತ್ತಾರೆ: ಹಸು, ಕುದುರೆ ಎನ್ನುವುದು ಜಾತಿಯಿಂದ, ಬೇಯಿಸುತ್ತಾನೆ, ಓದುತ್ತಾನೆ ಎನ್ನುವುದು ಕ್ರಿಯೆಯಿಂದ, ಬಿಳಿ, ಕಪ್ಪು ಎನ್ನುವುದು ಗುಣದಿಂದ, ಹಣವಂತ, ಹಸುವುಳ್ಳವ ಎನ್ನುವುದು ಸಂಬಂಧದಿಂದ. ಬ್ರಹ್ಮಕ್ಕೆ ಜಾತಿಯಿಲ್ಲ, ಕ್ರಿಯೆಯಿಲ್ಲ, ಗುಣವಿಲ್ಲ, ಎರಡನೆಯದೇ ಇಲ್ಲವಾದ್ದರಿಂದ ಸಂಬಂಧವೂ ಇಲ್ಲ. ಶಬ್ದ ಯಾವ ಬಾಗಿಲಿಂದ ಹೋಗಬೇಕು? ರಾಮಾನುಜರು ಒಪ್ಪುವುದಿಲ್ಲ. ಅವರಿಗೆ ಆ ವಾಕ್ಯದ ಸ್ವಾರಸ್ಯ ಇರುವುದು ಹಿಂದಿನ ಲೆಕ್ಕಾಚಾರದಲ್ಲೇ: ಆನಂದಕ್ಕೆ ಅಳತೆ ಇಲ್ಲ, ಮಾತು ಎಣಿಸಿ ಎಣಿಸಿ ಸೋತಿತು. ಒಬ್ಬರಿಗೆ ಖಾಲಿ, ಇನ್ನೊಬ್ಬರಿಗೆ ತುಂಬು. ಎರಡು ಕಡೆಯೂ ಮಾತು ಹಿಂದಿರುಗುತ್ತದೆ, ಕಾರಣ ಮಾತ್ರ ಪೂರಾ ಉಲ್ಟಾ.

ನಮ್ಮ ಉಡುಪಿಯ ಮಧ್ವಾಚಾರ್ಯರದು ಇನ್ನೂ ಖಡಕ್ಕು. ಬ್ರಹ್ಮಸೂತ್ರದ ‘ಈಕ್ಷತೇರ್ನಾಶಬ್ದಮ್’ (1.1.5) ಎಂಬ ಸೂತ್ರವನ್ನು ಶಂಕರರು ಸಾಂಖ್ಯರ ಪ್ರಧಾನವನ್ನು (ಜಗತ್ತಿಗೆ ಮೂಲವೆಂದು ಅವರು ಹೇಳುವ ಜಡ ಪ್ರಕೃತಿಯನ್ನು) ತಳ್ಳಿಹಾಕಲು ಬಳಸಿದರೆ, ಮಧ್ವರು ಅದರಲ್ಲಿ ಓದಿದ್ದೇ ಬೇರೆ: ಬ್ರಹ್ಮ ‘ಅಶಬ್ದ’ವಲ್ಲ, ಮಾತಿಗೆ ಸಿಗದ್ದಲ್ಲ. ಸಿಗದಿದ್ದರೆ ಇಷ್ಟು ವೇದ ಯಾರಿಗಾಗಿ? ಅವಾಚ್ಯ ಎಂದಿರುವ ಕಡೆಯೆಲ್ಲ ‘ಪೂರ್ತಿಯಾಗಿ ಹೇಳಲಾಗದ್ದು’ ಎಂದು ತಿಳಿಯಬೇಕು, ಮೇರುಪರ್ವತವನ್ನು ನೋಡಿದವನು ನೋಡಿಯೂ ಪೂರ್ತಿ ನೋಡಿರುವುದಿಲ್ಲವಲ್ಲ, ಹಾಗೆ. ನಿಮ್ಮ ಮನೆ ಮಾಧ್ವರದಾಗಿದ್ದರೆ ಮುನ್ನುಡಿಗೆ ‘ಅವಾಚ್ಯ’ ಹಾಕುವ ಮುಂಚೆ ಹಿರಿಯರನ್ನೊಮ್ಮೆ ಕೇಳಿ! ಜೊತೆಗೆ, ಬರೀ ಸಂಸ್ಕೃತ ಕಾವ್ಯ ಓದಿದವರಿಗೆ ‘ಅವಾಚ್ಯ’ ಎಂದರೆ ಬೈಗುಳ. ಕನ್ನಡದಲ್ಲಂತೂ ‘ಅವಾಚ್ಯ ಶಬ್ದಗಳಿಂದ ನಿಂದನೆ’ ಪೊಲೀಸ್ ದೂರಿನ ಖಾಯಂ ವಾಕ್ಯ. ಈ ಪದ ನಿಮಗೆ ಬೇಡವೇ ಬೇಡ.

ಇನ್ನು ‘ಅವ್ಯಪದೇಶ್ಯ’. ಮಾಂಡೂಕ್ಯ ಉಪನಿಷತ್ತಿನ ಏಳನೆಯ ಮಂತ್ರ ತುರೀಯವನ್ನು (ಎಚ್ಚರ, ಕನಸು, ನಿದ್ರೆಗಳಾಚೆಯ ನಾಲ್ಕನೆಯದನ್ನು) ‘ಅದೃಷ್ಟಮವ್ಯವಹಾರ್ಯಮಗ್ರಾಹ್ಯಮಲಕ್ಷಣಮಚಿಂತ್ಯಮವ್ಯಪದೇಶ್ಯಮ್’ ಎಂದು ಆರು ‘ಅ’ಕಾರಗಳಲ್ಲಿ ಹೇಳುತ್ತದೆ. ಕಾಣದ್ದು, ವ್ಯವಹಾರಕ್ಕೆ ಬಾರದ್ದು, ಹಿಡಿತಕ್ಕೆ ಸಿಗದ್ದು, ಗುರುತಿಲ್ಲದ್ದು, ಯೋಚನೆಗೆ ನಿಲುಕದ್ದು, ಕೊನೆಗೆ ಹೆಸರಿಟ್ಟು ತೋರಿಸಲಾಗದ್ದು. ಕ್ರಮ ನೋಡಿ: ಇಂದ್ರಿಯದಿಂದ ಮನಸ್ಸು, ಮನಸ್ಸಿನಿಂದ ಮಾತು. ಆದರೆ ಇದೇ ‘ಅವ್ಯಪದೇಶ್ಯ’ ತರ್ಕಶಾಸ್ತ್ರದ ನ್ಯಾಯಸೂತ್ರದಲ್ಲೂ (1.1.4) ಇದೆ, ಅಲ್ಲಿ ಅದು ಪ್ರತ್ಯಕ್ಷದ ಲಕ್ಷಣ. ದಿನಾ ಕಣ್ಣು, ಮೂಗು, ನಾಲಗೆಗೆ ಬರುವ ಮಾಮೂಲಿ ಪ್ರತ್ಯಕ್ಷ! ತುರೀಯಕ್ಕೂ ತುಪ್ಪದನ್ನಕ್ಕೂ ಒಂದೇ ವಿಶೇಷಣವೇ ಎಂದರೆ, ಹೌದು. ಹೆಸರು ಬಂದು ಅಂಟಿಕೊಳ್ಳುವ ಮುಂಚಿನ ಅರಿವು ಯಾವುದೇ ಇರಲಿ, ಅದು ಅವ್ಯಪದೇಶ್ಯವೇ.

ಚಿಕ್ಕಂದಿನಲ್ಲಿ ಮಲೆನಾಡಿನ ನೆಂಟರ ಆಲೆಮನೆಗೆ ಹೋಗುತ್ತಿದ್ದೆವು. ಗಾಣದ ಬುಡದಲ್ಲಿ ಕಬ್ಬಿನಹಾಲು, ಒಲೆಯ ಮೇಲಿನ ಕೊಪ್ಪರಿಗೆಯ ಅಂಚಿನಿಂದ ಬಾಳೆಲೆಗೆ ಬಳಿದುಕೊಟ್ಟ ನೊರೆಬೆಲ್ಲ, ಸಂಜೆ ದೋಸೆಗೆ ಜೋನಿಬೆಲ್ಲ. ಮೂರೂ ಒಂದೇ ಕಬ್ಬಿನವು, ಮೂರೂ ಸಿಹಿ. ಪೇಟೆಗೆ ಬಂದು ಗೆಳೆಯನಿಗೆ ವ್ಯತ್ಯಾಸ ಹೇಳಹೊರಟರೆ ‘ಅದು ಒಂಥರಾ, ಇದು ಇನ್ನೊಂಥರಾ’ ಎನ್ನುವುದರಾಚೆ ಬಾಯಿ ಹೊರಡುತ್ತಿರಲಿಲ್ಲ. ನಿಮ್ಮ ತಂದೆಯವರ ‘ಒಂದು ಥರಾ’ ಓದಿದಾಗ ನನಗೆ ನೆನಪಾದದ್ದು ಅದೇ. ಸಂಸ್ಕೃತದ ಕವಿ, ಅಲಂಕಾರಶಾಸ್ತ್ರಕಾರ ದಂಡಿಯೂ ಇಲ್ಲೇ ಸೋತವನು. ಒಬ್ಬೊಬ್ಬ ಕವಿಯ ಶೈಲಿಗೂ ಇರುವ ಸೂಕ್ಷ್ಮ ವ್ಯತ್ಯಾಸವನ್ನು ಹೇಳಲಾಗದು ಎನ್ನುತ್ತ ಕಾವ್ಯಾದರ್ಶದಲ್ಲಿ ಬರೆದ: ‘ಇಕ್ಷುಕ್ಷೀರಗುಡಾದೀನಾಂ ಮಾಧುರ್ಯಸ್ಯಾಂತರಂ ಮಹತ್ | ತಥಾಪಿ ನ ತದಾಖ್ಯಾತುಂ ಸರಸ್ವತ್ಯಾಪಿ ಶಕ್ಯತೇ’. ಕಬ್ಬು, ಹಾಲು, ಬೆಲ್ಲಗಳ ಸಿಹಿಗೆ ಅಂತರ ದೊಡ್ಡದು, ಆದರೂ ಅದನ್ನು ಹೇಳಲು ಸರಸ್ವತಿಯ ಕೈಲೂ ಆಗದು.

ಯಾಕೆ ಆಗದು ಎನ್ನುವುದಕ್ಕೆ ಯೋಗಶಾಸ್ತ್ರ ಕೊಡುವ ಉತ್ತರ ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗಿದೆ. ಸಮಾಧಿಯಲ್ಲಿ ಹುಟ್ಟುವ ಪ್ರಜ್ಞೆ ಕೇಳಿ ತಿಳಿದದ್ದಕ್ಕಿಂತ, ಊಹಿಸಿ ತಿಳಿದದ್ದಕ್ಕಿಂತ ಬೇರೆ, ಏಕೆಂದರೆ ಅದು ‘ವಿಶೇಷ’ವನ್ನು, ಅಂದರೆ ಎದುರಿಗಿರುವ ಆ ಒಂದೇ ಒಂದು ವಸ್ತುವನ್ನು, ಮುಟ್ಟುತ್ತದೆ ಎನ್ನುತ್ತಾನೆ ಪತಂಜಲಿ (1.49). ಆ ಸೂತ್ರದ ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ: ಶಬ್ದದ ಸಂಕೇತ ಇರುವುದು ಸಾಮಾನ್ಯದ ಜೊತೆಗೆ, ವಿಶೇಷದ ಜೊತೆಗಲ್ಲ. ‘ಸಿಹಿ’ ಎಂಬುದು ಎಲ್ಲ ಸಿಹಿಗಳಿಗೂ ಒಪ್ಪಿಕೊಂಡ ಮಾತು. ಆ ಹೊತ್ತಿನ, ಆ ಬಾಳೆಲೆಯ ನೊರೆಬೆಲ್ಲಕ್ಕೆಂದು ಯಾರೂ ಪದ ಮಾಡಿಟ್ಟಿಲ್ಲ. ಮಾಡಿಟ್ಟಿದ್ದರೂ ತಿನ್ನದವನಿಗೆ ಅದು ಬರೀ ಸದ್ದು.

ಇಲ್ಲಿ ನಿಮ್ಮ ಪ್ರಶ್ನೆಯೊಳಗಿನ ಒಂದು ಗಂಟನ್ನು ಬಿಚ್ಚಬೇಕು. ‘ಅನುಭವವನ್ನು ಹೇಳಲಾಗದು’ ಎಂಬ ಒತ್ತು ನಮಗೆ ಬಂದದ್ದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದಲ್ಲಿ. 1902ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅನುಭಾವಿಗಳ ಅನುಭವಕ್ಕೆ ನಾಲ್ಕು ಗುರುತು ಕೊಟ್ಟಾಗ ಮಾತಿಗೆ ಸಿಗದಿರುವುದನ್ನು ಮೊದಲನೆಯದಾಗಿ ಇಟ್ಟ. ಉಪನಿಷತ್ತುಗಳ ಮಾತು ಬೇರೆ. ಅವು ಹೇಳಲಾಗದು ಎನ್ನುವುದು ‘ನನಗಾದದ್ದನ್ನು’ ಅಲ್ಲ, ‘ಅದನ್ನು’. ಬೃಹದಾರಣ್ಯಕ ಉಪನಿಷತ್ತಿನ ‘ನೇತಿ ನೇತಿ’ (ಹೀಗಲ್ಲ, ಹೀಗಲ್ಲ) ಯಾರ ಅನುಭವದ ವರ್ಣನೆಯೂ ಅಲ್ಲ, ಅದು ಆದೇಶ, ಬೋಧನೆಯ ವಿಧಾನ. ಅಲ್ಲೇ ಹೆಂಡತಿ ಮೈತ್ರೇಯಿ ತಬ್ಬಿಬ್ಬಾದಾಗ ಯಾಜ್ಞವಲ್ಕ್ಯ ಕೊಡುವ ಕಾರಣವೂ ಹಾಗೇ: ಎಲ್ಲವೂ ಆತ್ಮವೇ ಆದಾಗ ಯಾವುದರಿಂದ ಯಾರನ್ನು ಅರಿಯುವುದು? ಅರಿಯುವವನನ್ನೇ ಯಾವುದರಿಂದ ಅರಿಯುವುದು? ಅಲ್ಲಿ ಮಾತಿಗೆ ಸೋಲಾದದ್ದಲ್ಲ, ಹೋಗಿಬಂದು ವರದಿ ಕೊಡುವ ಇನ್ನೊಬ್ಬನೇ ಇಲ್ಲ.

ಇಂಥ ಕಡೆ ಸಂಸ್ಕೃತ ಕೊನೆಗೆ ಇಡುವುದು ಪದವನ್ನಲ್ಲ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ (3.2.17) ಒಂದು ಶ್ರುತಿಕಥೆ ಎತ್ತುತ್ತಾರೆ. ಬಾಷ್ಕಲಿ ಎಂಬವನು ಬಾಧ್ವ ಎಂಬ ಗುರುವಿನ ಬಳಿ ಹೋಗಿ ‘ಬ್ರಹ್ಮವನ್ನು ಹೇಳಿ’ ಎಂದು ಕೇಳಿದ. ಬಾಧ್ವ ಸುಮ್ಮನಿದ್ದ. ಇನ್ನೊಮ್ಮೆ, ಮತ್ತೊಮ್ಮೆ ಕೇಳಿದಾಗ ಅಂದ: ‘ಹೇಳುತ್ತಲೇ ಇದ್ದೇವೆ, ನಿನಗೆ ತಿಳಿಯುತ್ತಿಲ್ಲ. ಉಪಶಾಂತೋಽಯಮಾತ್ಮಾ (ಈ ಆತ್ಮ ಶಾಂತ).’ ಇದಕ್ಕೆ ಶಂಕರರು ಬಳಸುವ ಪದ ‘ಅವಚನೇನೈವ ಪ್ರೋವಾಚ’: ಹೇಳದಿರುವುದರಿಂದಲೇ ಹೇಳಿದ. ಆ ‘ಪ್ರೋವಾಚ’ ಎಂಬ ಕ್ರಿಯಾಪದ ಪಾಠ ಹೇಳುವುದಕ್ಕೆ ಬಳಸುವಂಥದು ಎನ್ನುವುದನ್ನು ಮರೆಯಬಾರದು. ಮೌನ ಇಲ್ಲಿ ಕೈಚೆಲ್ಲಿದ್ದಲ್ಲ, ಅದೂ ಒಂದು ಪಾಠ. ಹಾಗಾದರೆ ‘ತತ್ತ್ವಮಸಿ’ಯಂಥ ಮಹಾವಾಕ್ಯಗಳು ಯಾಕೆ ಬೇಕು ಎಂಬ ಪ್ರಶ್ನೆಗೆ ಶಂಕರರ ಶಿಷ್ಯ ಸುರೇಶ್ವರರು ನೈಷ್ಕರ್ಮ್ಯಸಿದ್ಧಿಯಲ್ಲಿ ಮನೆಮಟ್ಟದ ಉದಾಹರಣೆ ಕೊಡುತ್ತಾರೆ. ಗಾಢನಿದ್ರೆಯಲ್ಲಿದ್ದವನನ್ನು ಕೂಗುತ್ತೇವೆ, ಎದ್ದು ಕೂರುತ್ತಾನೆ. ಕೂಗಿದ ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಆ ಕ್ಷಣ ಅವನಿಗೆ ಗೊತ್ತಿತ್ತೇ? ಇಲ್ಲ. ಆದರೂ ಕೂಗು ಕೆಲಸ ಮಾಡಿತು.

ಕಾಶ್ಮೀರದ ಶೈವರದು ಬೇರೆಯೇ ಬಣ್ಣ. ಅವರ ತಂತ್ರಗ್ರಂಥ ವಿಜ್ಞಾನಭೈರವ ಪರಮ ಸ್ಥಿತಿಯನ್ನು ‘ವ್ಯಪದೇಷ್ಟುಮಶಕ್ಯಾಸಾವಕಥ್ಯಾ ಪರಮಾರ್ಥತಃ’ ಎಂದು ಹೇಳಿ, ಮುಂದಿನ ಉಸಿರಿನಲ್ಲೇ ‘ಅಂತಃಸ್ವಾನುಭವಾನಂದಾ’ ಎನ್ನುತ್ತದೆ. ಕಥೆಯಾಗಿ ಹೇಳಬರದು, ಆದರೆ ಒಳಗೆ ತನ್ನ ಅನುಭವದ ಆನಂದವಾಗಿ ಇದೆ, ‘ಭರಿತಾಕಾರಾ’, ತುಂಬಿಕೊಂಡಿದೆ. ಅನುಭವದ ಕಡೆಯಿಂದಲೇ ಮಾತಾಡುವ ಪದ ನಿಮಗೆ ಬೇಕಿದ್ದರೆ ‘ಅಕಥ್ಯ’, ‘ಸ್ವಸಂವೇದ್ಯ’ (ತನಗೆ ತಾನೇ ಅರಿವಾಗುವಂಥದು) ಉಪನಿಷತ್ತಿನ ಪದಗಳಿಗಿಂತ ಹತ್ತಿರ ಬರುತ್ತವೆ.

ಈಗ ನೆಂಟರ ಇನ್ನರ್ಧಕ್ಕೆ ಬರೋಣ. ನಾರದಭಕ್ತಿಸೂತ್ರದ 51ನೆಯದು ‘ಅನಿರ್ವಚನೀಯಂ ಪ್ರೇಮಸ್ವರೂಪಮ್’. ನೀವು ಹಾಕಿದ ಪದವೇ, ಮಾಯೆಯ ಸೋಂಕಿಲ್ಲದೆ! ಅದ್ವೈತದ ಪಾಠಶಾಲೆಯಾಚೆ ಭಕ್ತಿಯ ಜಗಲಿಯಲ್ಲಿ ಆ ಪದ ಸ್ವತಂತ್ರ. ಬೆನ್ನಿಗೇ 52: ‘ಮೂಕಾಸ್ವಾದನವತ್’, ಮೂಕ ಸವಿದ ಹಾಗೆ. ನಾವು ‘ಮೂಗ ಬೆಲ್ಲ ತಿಂದ ಹಾಗೆ’ ಎನ್ನುತ್ತೇವೆ. ಸೂತ್ರದಲ್ಲಿ ಬೆಲ್ಲದ ಹೆಸರಿಲ್ಲ, ಸೇರಿಸಿದವರು ನಾವು. ಇಲ್ಲಿ ನೋಡಬೇಕಾದ್ದು, ಸೋಲು ರುಚಿಯದಲ್ಲ ಎನ್ನುವುದು. ಸವಿದದ್ದು ಪೂರ್ತಿ ಸವಿದಿದೆ, ನಾಲಗೆಯ ಒಂದು ಕೆಲಸ ಆಗಿದೆ, ಇನ್ನೊಂದು ಆಗಿಲ್ಲ. ಆಮೇಲೆ ಸೂತ್ರಕಾರನಿಗೂ ತಡೆಯಲಾಗಲಿಲ್ಲ. ಹೇಳಲಾಗದು ಎಂದವನೇ 54ರಲ್ಲಿ ಗುಣರಹಿತ, ಕಾಮನಾರಹಿತ, ಕ್ಷಣಕ್ಷಣಕ್ಕೂ ಬೆಳೆಯುವ, ಕಡಿಯದ, ತುಂಬ ಸೂಕ್ಷ್ಮವಾದ, ಅನುಭವರೂಪವಾದದ್ದು ಎಂದು ಆರು ವಿಶೇಷಣ ಒಟ್ಟಿದ್ದಾನೆ. ಹೇಳಲಾಗದು ಎಂದ ಮೇಲೂ ಹೇಳುತ್ತ ಹೋಗುವುದು ಈ ಪರಂಪರೆಯ ಹಳೇ ಚಾಳಿ. ರಾಮಕೃಷ್ಣ ಪರಮಹಂಸರು 1882ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಮನೆಗೆ ಹೋದಾಗ ‘ವೇದ, ಪುರಾಣ, ತಂತ್ರ ಎಲ್ಲ ಎಂಜಲಾಗಿವೆ, ಬಾಯಿಗೆ ಬಂದು ಬಂದು. ಎಂಜಲಾಗದೆ ಉಳಿದಿರುವುದು ಬ್ರಹ್ಮ ಒಂದೇ’ ಎಂದಿದ್ದರು. ಅಲ್ಲೂ ಅದನ್ನು ಹೇಳಲಿಕ್ಕೆ ಬಾಯಿ ಬೇಕಾಯಿತು.

ಪ್ರಾಸಂಗಿಕವಾಗಿ ಇನ್ನೊಂದು. ಮುನ್ನುಡಿಯಲ್ಲಿ ‘ಅನುಭವ’ದ ಬದಲು ‘ಅನುಭಾವ’ ಹಾಕೋಣವೇ ಎಂದು ನಿಮಗೆ ಅನ್ನಿಸಬಹುದು. ಹಾಕಿ, ಆದರೆ ಅದು ಕನ್ನಡದ ಆಸ್ತಿ ಎಂದು ತಿಳಿದು ಹಾಕಿ. ಸಂಸ್ಕೃತದ ನಾಟ್ಯಶಾಸ್ತ್ರದಲ್ಲಿ ಅನುಭಾವ ಎಂದರೆ ಒಳಗಿನ ಭಾವಕ್ಕೆ ಹೊರಗೆ ಕಾಣುವ ಗುರುತು: ಕಣ್ಣಿನ ನೋಟ, ಕೈಯ ಚಲನೆ. ನಮ್ಮ ಶರಣರು ಅದನ್ನು ತಿರುಗಿಸಿ ಒಳಕ್ಕೆ ಇಟ್ಟರು. ಹೊರಗೆ ಕಾಣುವುದರ ಹೆಸರು ಯಾರಿಗೂ ಕಾಣದ್ದರ ಹೆಸರಾಯಿತು. ಸಂಸ್ಕೃತ ಮಾತ್ರ ಓದಿದ ನೆಂಟರು ಇದಕ್ಕೂ ತಕರಾರು ತೆಗೆದರೆ ಈ ಸಲ ನೀವು ಸೋಲಬೇಕಾಗಿಲ್ಲ.

ನನ್ನ ಸಲಹೆ ಹೀಗೆ. ತಂದೆಯವರು ಕೂತು ಧ್ಯಾನ ಮಾಡಿದವರಲ್ಲ, ತಾಳ ಹಿಡಿದು ಹಾಡಿದವರು. ಆದದ್ದು ಮಂಗಳಾರತಿ ಆದಮೇಲೆ, ಗಂಟೆ, ಜಾಗಟೆ ನಿಂತ ಹೊತ್ತಿನಲ್ಲಿ. ತುರೀಯದ ‘ಅವ್ಯಪದೇಶ್ಯ’ ಅಲ್ಲಿಗೆ ಭಾರವಾಗುತ್ತದೆ. ನಾರದರ ‘ಮೂಕಾಸ್ವಾದನ’ ಸರಿಹೊಂದುತ್ತದೆ, ಬೇಕಿದ್ದರೆ 51 ಮತ್ತು 52 ಎರಡೂ ಸೂತ್ರಗಳನ್ನು ಜೊತೆಯಾಗಿ ಕೊಡಿ. ಆಗ ನಿಮ್ಮ ‘ಅನಿರ್ವಚನೀಯ’ವೂ ಉಳಿಯುತ್ತದೆ, ನೆಂಟರೂ ಒಪ್ಪುತ್ತಾರೆ. ಆದರೆ ಇದೆಲ್ಲ ಮುನ್ನುಡಿಯಲ್ಲಿ ಅಥವಾ ಅಡಿಟಿಪ್ಪಣಿಯಲ್ಲಿ ಇರಲಿ. ಡೈರಿಯ ಪುಟದಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ‘ಥರಾ’ವನ್ನು ‘ತರಹ’ ಮಾಡಬೇಡಿ, ‘ಬರೆಯಕ್ಕೆ’ಯನ್ನು ‘ಬರೆಯಲಿಕ್ಕೆ’ ಮಾಡಬೇಡಿ. ಅಚ್ಚು ತಿದ್ದುವವರಿಗೂ ಮೊದಲೇ ಹೇಳಿಡಿ, ಅವರ ಕೈ ಅಲ್ಲಿಗೇ ಹೋಗುತ್ತದೆ.